ಒಂಟಿ ಮಣಿಪಟ್ಟಿ

ಬಾಟಲಿ ಅಲುಗಿಸಿದರೆ ಅಕ್ಕಿ ಜರಡಿ ಹಿಡಿದ ಸದ್ದು. ಒಳಗಿರುವುದು ಮಣಿಪಟ್ಟಿಯಿಂದ ಉದುರಿದ ಮಣಿಗಳು. ಉಳಿದ ಪಟ್ಟಿ ದೇವರ ಗೂಡಿನ ಮೇಲೆ ತೋರಣವಾಗಿ ನೇತಾಡುತ್ತಿದೆ. “ಪಕ್ಕದ್ಮನೆ ಮಿಲಾ ಪ್ರೀತಿಯಿಂದ ಕೊಟ್ಟಿದ್ದು” ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಜೋಡಿಯಾಗಿ ತೊಡುವುದನ್ನು ಒಂಟಿಯಾಗಿ ಯಾರು ಕೊಡುತ್ತಾರೆ? ಒಂದೇ ಓಲೆ ಉಡುಗೊರೆ ಕೊಟ್ಟ ಹಾಗಾಯಿತು.

ಮಿಲಾ ಆಂಟಿ ಬೋರ್ನಿಯೋದ ರುಂಗುಸ್ ಜನಾಂಗದವರು, ಜಪಾನಿನವರೊಬ್ಬರನ್ನು ಮದುವೆಯಾಗಿ ಟೋಕಿಯೋದ ನಿಶಿ ಕಸಾಯಿಗೆ, ನಮ್ಮ ಪಕ್ಕದ ಫ್ಲ್ಯಾಟಿಗೆ ಬಂದಿದ್ದರು. ಶಾಲೆ ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವ ತನಕ ನಾನು ಅವರ ಮನೆಯಲ್ಲಿರುತ್ತಿದ್ದೆ. ಚಾಪೆಯ ಹುಲ್ಲಿನ ವಾಸನೆಯ ನಡುವೆ ಕಾಲು ಚಾಚಿ ಕುಳಿತು ಅವರು ಮಣಿ ಪೋಣಿಸುತ್ತಿದ್ದರು; ಕಪ್ಪು, ಕೆಂಪು, ಹಳದಿ ಮಣಿಗಳ ನಡುವೆ ಕೈಕಾಲು ಚಾಚಿದ ಪುಟ್ಟ ಮನುಷ್ಯರು ಮೂಡುತ್ತಿದ್ದರು. ಅವರ ಅಜ್ಜಿ ನೇಯ್ದಿದ್ದ ಹಳೆಯ ಮಣಿಪಟ್ಟಿ ಜೋಡಿಯನ್ನು ಒಮ್ಮೆ ಎರಡೂ ಹೆಗಲಿನಿಂದ ಎದೆಯ ಮೇಲೆ ಅಡ್ಡಹಾಯುವಂತೆ ತೊಟ್ಟು ತೋರಿಸಿದಾಗ ಅಮ್ಮ ನಕ್ಕಿದ್ದಳು: “ಎರಡು ಕಡೆಗೂ ಜನಿವಾರ ಕಣೇ.” ತಮ್ಮ ಊರಿನ ಉದ್ದಮನೆಯಲ್ಲಿ ಹತ್ತಾರು ಸಂಸಾರಗಳಿಗೆ ಒಂದೇ ಸೂರು, ಒಂದೇ ಪಡಸಾಲೆ ಎನ್ನುತ್ತಿದ್ದರು ಆಂಟಿ. ನಮ್ಮ ಕಾರಿಡಾರ್ ತೋರಿಸಿ, “ಇದೂ ಉದ್ದಮನೆಯೇ. ಬಾಗಿಲು ಮಾತ್ರ ಮುಚ್ಚಿವೆ” ಎಂದಿದ್ದರು.

ಗಂಡ ತೀರಿಕೊಂಡ ಮೇಲೆ ಅವರು ಎಳೆಯ ಮಗಳೊಡನೆ ಊರಿಗೆ ಹೊರಟರು. ಜೋಡಿಯಲ್ಲಿ ಒಂದನ್ನು ಅಮ್ಮನ ಕೈಗಿಟ್ಟು ಜಪಾನಿಯಲ್ಲಿ ಏನೋ ಹೇಳಿದರು. ಅಮ್ಮನಿಗೆ ಆ ಭಾಷೆ ಬಾರದು. ಎಂಟು ವರ್ಷದ ನಾನೇ ದುಭಾಷಿ. “ಇಟ್ಕೊಳ್ಬೇಕಂತೆ” ಎಂದೆ. ಅಮ್ಮ ಇಟ್ಟುಕೊಂಡಳು. ಆಮೇಲೆ ಗೂಡಿನ ಅಳತೆಗೆ ಕತ್ತರಿಸಿದಳು. ನೂಲು ಬಿಚ್ಚಿಕೊಂಡು ಒಂದು ಸಾಲು ಪುಟ್ಟ ಮನುಷ್ಯರು ಉದುರಿ ಬಾಟಲಿ ಸೇರಿದರು.

ಇಷ್ಟು ವರ್ಷ ವಾದ ಹೂಡಿದ್ದೆಲ್ಲ ಅಮ್ಮನ ಮೇಲೆ. ಆಂಟಿ ಅಂದದ್ದು “ಅಜುಕತ್ತೆ”. ಅಂದರೆ, ತಾವು ಮರಳಿ ಬರುವ ತನಕ ಜೋಪಾನ ಮಾಡಿ ಎಂದು. ಅದು ನನಗೆ ಆಗಲೂ ಗೊತ್ತಿದ್ದ ಮಾತು. ಕನ್ನಡಕ್ಕೆ ತರುವಾಗ ಸಿಕ್ಕ ಮೊದಲ ಪದ ಸಾಕೆನಿಸಿತು.

ಮೊನ್ನೆ ಆಂಟಿಯ ಮೆಸೇಜು ಬಂತು. ಮಗಳ ಮದುವೆಯಂತೆ, ಅವಳಿಗೆ ಜೋಡಿ ತೊಡಿಸಬೇಕಂತೆ, ಮುಂದಿನ ತಿಂಗಳು ಟೋಕಿಯೋಗೆ ಬರುತ್ತಾರಂತೆ. ಅಮ್ಮನಿಗೆ ಓದಿ ಹೇಳಿದೆ. ಅವಳು ಗೂಡಿನ ಕಡೆ ನೋಡಿ ಮತ್ತೆ ಸೊಪ್ಪು ಬಿಡಿಸತೊಡಗಿದಳು. ಮೆಸೇಜಿನ ಕೊನೆಯ ಸಾಲನ್ನು ಮಾತ್ರ ನಾನು ಅವಳಿಗೆ ಕನ್ನಡದಲ್ಲಿ ಹೇಳಿಲ್ಲ, ಆಂಟಿಗೆ ಉತ್ತರವನ್ನೂ ಬರೆದಿಲ್ಲ:

“ನನ್ನ ಪಟ್ಟಿ ಚೆನ್ನಾಗಿದೆಯಾ?”