ಲ್ಯಾಂಪ್ ರೂಮಿನ ಕೋದಂಡಪ್ಪ

ನಮ್ಮ ಭಾವ ಕೋದಂಡಪ್ಪನಂಥ ಮೊಂಡನ್ನ ನಾನು ಬೇರೆ ನೋಡಿಲ್ಲ. ಐವತ್ತಾರನೇ ಇಸವೀಲಿ ನಮ್ಮಕ್ಕ ಅಶ್ವತ್ಥಮ್ಮನ್ನ ಮದುವೆಯಾದಾಗ ಅವನಿಗೆ ನಂದಿದುರ್ಗ ಅನ್ನೋ ಚಿನ್ನದ ಗಣಿಯಲ್ಲಿ ಜಡ್ತಿ ಕೆಲಸ. ಗಣಿಯಿಂದ ಮೇಲೆ ಬಂದೋರು ಚಿನ್ನದ ಕಲ್ಲು ಬಚ್ಚಿಟ್ಟುಕೊಂಡಿದ್ದಾರಾ ಅಂತ ಬಾಯಿ, ಕೂದಲು, ಬಟ್ಟೆ ಎಲ್ಲಾ ತಡವಿ ನೋಡಬೇಕು. ಖಾಕಿ ಬಟ್ಟೆ, ಒಳ್ಳೇ ಸಂಬಳ, ಯುಗಾದಿ ಹೊತ್ತಿಗೆ ಕಾರ್ಮಿಕರ ಲೈನಿನಲ್ಲಿ ಒಂದು ಮನೆ ಸಿಗೋದೂ ಇತ್ತು. ನಮ್ಮೂರು ಕ್ಯಾಸಂಬಳ್ಳೀಲೇ ಗಂಡನ ತುಂಬಿದ ಮನೇಲಿ ಹನ್ನೊಂದು ಜನಕ್ಕೆ ಮುದ್ದೆ ತಿರುವುತ್ತಿದ್ದ ಅಕ್ಕ ಆ ಮನೆ ಮೇಲೇ ಜೀವ ಇಟ್ಟುಕೊಂಡಿದ್ದಳು.

ನಮ್ಮಪ್ಪ ದೊಡ್ಡವೆಂಕಟಪ್ಪನೂ ಅದೇ ಗಣೀಲಿ ಕೂಲಿ. ನಮ್ಮ ಕಡೆ ಮಾವನ ರುಮಾಲಿಗೆ ಅಳಿಯ ಕೈ ಹಾಕೋದುಂಟೇನು? ಅದಕ್ಕೇ ಅಪ್ಪ ಯಾವಾಗಲೂ ಇನ್ನೊಬ್ಬ ಜಡ್ತಿಯೋನ ಸಾಲಿನಲ್ಲೇ ನಿಲ್ಲುತ್ತಿದ್ದ. ಒಂದಿನ ಆ ಇನ್ನೊಬ್ಬ ರಜೆ. ಅಪ್ಪ ತಾನೇ ರುಮಾಲು ಬಿಚ್ಚಿ ಕೊಟ್ಟು, ಬಾಯಿ ತೆಗೆದು ನಿಂತ.

"ನೋಡಪ್ಪ, ಇಂದೆ ಜನ ಕಾಯ್ತಾವ್ರೆ" ಅಂದ.

ಭಾವ ನೋಡಿದ. ಏನೂ ಇರಲಿಲ್ಲ. ಅಪ್ಪ ಊರಿಗೆ ಬಂದು ಅದನ್ನ ಹೇಳಿಕೊಂಡು ನಕ್ಕ. ಭಾವ ಮಾತ್ರ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಆಫೀಸಿಗೆ ಹೋಗಿ, ಗಣಿಗಿಳಿಯೋರಿಗೆ ದೀಪ ಕೊಡೋ ಲ್ಯಾಂಪ್ ರೂಮಿಗೆ ಹಾಕಿಸಿಕೊಂಡು ಬಂದ. ಸಂಬಳ ಕಮ್ಮಿ, ಮನೆಗೆ ಕಾಯೋರ ಸರದೀಲೂ ಕಟ್ಟಕಡೆಗೆ ಬಿದ್ದ.

"ಅಪ್ಪಂಗೇ ಬೇಜಾರಿಲ್ಲ, ನಿಂಗೇನು ಬಂತು?" ಅಂತ ಅಕ್ಕ ಹಾರಾಡಿದಳು.

"ದಿನಾ ಇನ್ನೂರು ಜನ ನನ್ ಮುಂದೆ ಬಾಯಿ ತೆಗೀತಾರೆ ಕಣೇ, ಒಬ್ರೂ ಮಾತಾಡ್ಸಲ್ಲ. ಎಲ್ರನ್ನೂ ಕಳ್ಳ ಅನ್ಕೊಂಡು ಬದುಕಾಕೆ ನನ್ ಕೈಲಾಗಕಿಲ್ಲ" ಅಂದ ಭಾವ.

ಕೈಗೆ ಬಂದ ಮನೆ ಬಿಟ್ಟ ದಡ್ಡ ಅಂತ ನಾನೂ ಮುಖದ ಮೇಲೇ ಅಂದೆ. ಅಕ್ಕ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಳು.

ಒಂದಿನ ಭಾವ ಬುತ್ತಿ ಮರೆತು ಹೋಗಿದ್ದ. ಬಯ್ಯೋಕೊಂದು ನೆಪ ಸಿಕ್ಕಿತು ಅಂತ ಅಕ್ಕ ನನ್ನನ್ನೂ ಬಸ್ಸಿಗೆ ಹತ್ತಿಸಿದಳು. ಲ್ಯಾಂಪ್ ರೂಮಿನ ಕಿಟಕಿ ಮುಂದೆ ಸಾಲು ನಿಂತಿತ್ತು. ಒಬ್ಬೊಬ್ಬರೂ ತಂತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ದೀಪ ಇಸ್ಕೊಂಡು "ಓಗ್ಬತ್ತೀನಣ್ಣ" ಅನ್ನೋರು. ಕುಪ್ಪುಸ್ವಾಮಿ ಅನ್ನೋನು ಅದನ್ನೇ ತಮಿಳಲ್ಲಿ ಅಂದ. ಭಾವ ಬಿಲ್ಲೇನ ಮೊಳೆಗೆ ನೇತುಹಾಕಿ ಎಲ್ಲರಿಗೂ "ಬಾರಪ್ಪ, ಇರ್ತೀನಿ" ಅಂತಿದ್ದ. ಮೇಲೆ ಬಂದೋರು ದೀಪ ಕೊಟ್ಟು ಬಿಲ್ಲೆ ತಗೊಂಡು ಮನೆಗೆ ಹೋಗೋರು. ಹಿಂದಿನ ಪಾಳಿಯದು ಒಂದೇ ಒಂದು ಬಿಲ್ಲೆ ಉಳಿದಿತ್ತು.

"ಅದ್ಯಾರ್ದು?" ಅಂದಳು ಅಕ್ಕ. ತಿಂಗಳ ಮೇಲೆ ಅವನ ಜೊತೆ ಆಡಿದ ಮೊದಲ ಮಾತು ಅದು.

"ಮುನಿಶಾಮೀದು. ಇನ್ನೂ ಮೇಲೆ ಬಂದಿಲ್ಲ. ಕೆಳಕ್ಕೆ ಏಳಿ ಕಳ್ಸಿವ್ನಿ. ಅವನು ಬರೋಗಂಟ ನಾನು ಉಣ್ಣಕಿಲ್ಲ."

ಅಕ್ಕ ಬಯ್ಯಲಿಲ್ಲ. ಬುತ್ತಿ ಮಡಿಲಲ್ಲಿಟ್ಟುಕೊಂಡು ಆ ಬಿಲ್ಲೇನೇ ನೋಡುತ್ತಾ ಕೂತಳು. ಗಂಟೆ ಕಳೆದ ಮೇಲೆ ಮುನಿಶಾಮಿ ಇಬ್ಬರ ಹೆಗಲು ಹಿಡಿದು ಕುಂಟುತ್ತಾ ಬಂದ. ಕಾಲು ಉಳುಕಿ ಕೆಳಗೆ ಒಂಟಿಯಾಗಿ ಕೂತುಬಿಟ್ಟಿದ್ದನಂತೆ. ಅಕ್ಕ ಬುತ್ತಿ ಬಿಚ್ಚಿ ಅವನಿಗೂ ಭಾವನಿಗೂ ಅರ್ಧರ್ಧ ಮುದ್ದೆ ಹಾಕಿದಳು.

ಬಸ್ಸಲ್ಲಿ ನಾನು ಲೈನಿನ ಮನೆಯ ಮಾತು ತೆಗೆದೆ. "ಸಿಕ್ದಾಗ ಸಿಗ್ಲಿ ಬಿಡೇ" ಅಂದಳು.

ಮನೆ ಸಿಕ್ಕಿದ್ದು ಎಂಟು ವರ್ಷ ಬಿಟ್ಟು. ಅಷ್ಟು ದಿನವೂ ಅಕ್ಕ ಅದನ್ನ ಎತ್ತಿ ಆಡಲಿಲ್ಲ. ಆಡಿದೋಳು ನಾನೊಬ್ಬಳೇ, ನೆನೆಸಿಕೊಂಡರೆ ಈಗಲೂ ನಾಚಿಕೆಯಾಗ್ತದೆ.