ಬೀಗರಿಗೆ ಕಾರೆನ್ ಹೇಳಿದ ಸ್ವಾಗತ

ಇವತ್ತು ನನ್ನ ತಂಗಿ ಸವಿತನ ಮದುವೆ ಮಾತುಕತೆ ಮುರಿದುಬೀಳೋದ್ರಲ್ಲಿತ್ತು ಕಣ್ರಪ್ಪ, ಅದೂ ಡೆನ್ಮಾರ್ಕಿನವಳೊಬ್ಬಳ ಕನ್ನಡದಿಂದ!

ನಾಲೆ ಬೇಸಾಯ ನೋಡೋಕೆ ಬಂದಿರೋ ಕಾರೆನ್ ಅರಕೆರೆಯ ನಮ್ಮ ಮನೇಲೇ ಇದ್ದಾಳೆ. ಬಂದ ಹೊಸದರಲ್ಲಿ ಬರೀ ನಗ್ತಿದ್ಲು. ಇಡೀ ದಿನ ಅಪ್ಪನ ಹಿಂದೆ ಗದ್ದೆ, ಕೊಟ್ಟಿಗೆ, ಟೀ ಅಂಗಡಿ ಅಂತ ಸುತ್ತಿ ಮೂರೇ ತಿಂಗಳಲ್ಲಿ ಎಮ್ಮೆಗೆ ಬೈಯೋಷ್ಟು ಕನ್ನಡ ಕಲಿತುಬಿಟ್ಟಳು. ಎಸ್‌ಟಿಡಿ ಬೂತಿನಿಂದ ಅವರಮ್ಮನ ಜೊತೆ ಮಾತಾಡುವಾಗಲೂ ಮಧ್ಯೆ ಕನ್ನಡ ನುಗ್ಗುತ್ತೆ.

ದೇವಲಾಪುರದಿಂದ ಗಂಡಿನ ಕಡೆಯವರು ಬಂದರು. ಗಂಡಿನ ತಂದೆ ಊರಿಗೇ ಯಜಮಾನರು, ಬಿಗಿ ಮುಖ. ನಾವೆಲ್ಲ ಕೈಮುಗಿದು ನಿಂತಿದ್ವಿ. ಕಾರೆನ್ ತಾನೇ ಮುಂದೆ ಹೋಗಿ ನೀರಿನ ಚೊಂಬು ಕೊಟ್ಟು, ಅಪ್ಪ ತನ್ನ ಗೆಳೆಯರನ್ನ ಕರೆಯೋ ಹಾಗೇ ಕರೆದಳು: "ಬಾರ್ಲಾ! ಯಾಕ್ಲಾ ಇಷ್ಟೊತ್ತು ಮಾಡ್ಬುಟ್ಟೆ?"

ಅಮ್ಮ ಸೆರಗಿನಿಂದ ಬಾಯಿ ಮುಚ್ಕೊಂಡ್ಲು. ಅಡುಗೆಮನೇಲಿ ಸವಿತ ಅಳೋಕೇ ಶುರು ಮಾಡಿದ್ಲು. "ತಪ್ಪಾಯ್ತು ಸ್ವಾಮಿ, ಅವ್ಳಿಗೆ ಗೊತ್ತಾಗಾಕಿಲ್ಲ" ಅಂತ ಅಪ್ಪ ತೊದಲಿದರು.

ಯಜಮಾನರು ಅವಳನ್ನೇ ಒಂದು ಗಳಿಗೆ ನೋಡಿದರು. "ಬುಡಿ ಗೌಡ್ರೆ, ನಮ್ಮವ್ವ ತೀರ್ಕಂಡ ಮ್ಯಾಲೆ ನನ್ನ ಯಾರೂ ಇಂಗೆ ಕೇಳಿರ್ನಿಲ್ಲ" ಅಂದವರು, ಅವಳ ಕಡೆ ತಿರುಗಿ, "ಬಸ್ಸು ಕೆಟ್ಟೋಗಿತ್ತು ಕಣವ್ವ" ಅಂತ ಮಗುವಿನ ಥರ ಉತ್ತರ ಕೊಟ್ಟರು. ಮದುವೆ ಗಟ್ಟಿಯಾಯಿತು.

ಅವರು ಹೋದ ಮೇಲೆ ಕಾರೆನ್‌ಗೆ, "ದೊಡ್ಡವರಿಗೆ ಬನ್ನಿ ಅನ್ಬೇಕು ಕಣೆ" ಅಂದೆ.

"ಅಪ್ಪ ಯಾವತ್ತೂ ಅಂಗನ್ನಾಕಿಲ್ವಲ್ಲ?" ಅಂದ್ಲು.

ಕನ್ನಡವನ್ನೇನೋ ನಮ್ಮ ಮನೇಲಿ ಬೇಗ ಕಲಿತಳು. ಬಹುವಚನ ಕಲೀಬೇಕಂದ್ರೆ ಬೇರೆ ಮನೆಗೇ ಕಳಿಸಬೇಕು.