ಬಂದೂಕಿನ ಪಾಲು

ನಮ್ಮ ದೊಡ್ಡಮಾವನ ಬಲಗೆನ್ನೆ ಹಸುಗೂಸಿನ ಕೆನ್ನೆಯಷ್ಟು ನುಣುಪಾಗಿತ್ತು. ಎಪ್ಪತ್ತು ದಾಟಿದ ಮೇಲೂ ಅದರ ಮೇಲೆ ಒಂದು ಚುಕ್ಕೆಯಿಲ್ಲ, ಕಲೆಯಿಲ್ಲ. ಹರಳೆಣ್ಣೆ ಹಚ್ಚಿ ತಿರುವಿದ ಮೀಸೆ, ತೊಡೆಯ ಮೇಲೆ ನಾಡಬಂದೂಕು, ಪಕ್ಕದಲ್ಲಿ ಎಲೆಯಡಿಕೆ ತಟ್ಟೆ, ಹೀಗೆ ಜಗುಲಿಯ ಮೇಲೆ ಕೂತರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ. ಬೈರಕೂರಿನ ಕಡೆಯ ನಮ್ಮೂರಿನಲ್ಲಿ ಅವರಿಗೆ ಹಂದಿಬೇಟೆಯ ಹುಲಿ ಎಂದು ಹೆಸರು. ಅವರು ನನ್ನ ಮಾವನವರ ಅಣ್ಣ. ನಾನು ಆ ಮನೆಗೆ ಸೊಸೆಯಾಗಿ ಬಂದ ಮೂರನೆಯ ದಿನವೇ ಆ ಕೆನ್ನೆ ನೋಡಿ, ಇದು ಎಂಥಾ ಹುಲಿ ಎಂದು ತಿಳಿದುಕೊಂಡೆ.

ನನ್ನ ತವರು ರಾಯಲ್ಪಾಡಿನ ಹತ್ತಿರ. ನಮ್ಮಪ್ಪ ಇಡೀ ಜೀವಮಾನ ಕಡಲೆಕಾಯಿ ಹೊಲ, ಮಾವಿನ ತೋಪು ಕಾದವರು. ನಾಡಬಂದೂಕು ಅಂದರೆ ನಳಿಗೆಯ ಬಾಯಿಂದ ಮದ್ದು ಸುರಿದು, ಕೋಲಿನಿಂದ ಜಡಿದು, ಹಿಂದುಗಡೆ ಕೇಪು ಇಟ್ಟು ಹೊಡೆಯುವಂಥದ್ದು. ಆ ಕೇಪು ಸಿಡಿದಾಗ ಹಾರುವ ಕಿಡಿ ಹೊಡೆದವನ ಬಲಗೆನ್ನೆಗೆ ಚುಚ್ಚುತ್ತದೆ. ಗಾಯ ಮಾಯ್ದ ಮೇಲೆ ಹಚ್ಚೆ ಹೊಯ್ದ ಹಾಗೆ ನೀಲಿ ಚುಕ್ಕೆ ಉಳಿಯುತ್ತದೆ. ನಾಲ್ಕು ಮಳೆಗಾಲ ಬೆಳೆ ಕಾದವನ ಕೆನ್ನೆಯ ಮೇಲೆ ಒಂದೆರಡಾದರೂ ಇರಲೇಬೇಕು. ನನ್ನ ಗಂಡನ ಕೆನ್ನೆಯ ಮೇಲೆ ಒಂಬತ್ತಿದ್ದವು, ಮದುವೆಯ ಹೊಸದರಲ್ಲಿ ಎಣಿಸಿದ್ದೆ. ನನ್ನನ್ನು ನೋಡಿಹೋಗಲು ಬಂದ ಅಪ್ಪ ದೊಡ್ಡಮಾವನ ಜೊತೆ ಅರ್ಧ ಗಂಟೆ ಕೂತು, ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ತೆಲುಗಿನಲ್ಲಿ, "ಈಯನ ತುಪಾಕಿ ಪೇಲ್ಚಿನೋಡು ಕಾದಮ್ಮಾ" ಎಂದರು. ಈ ಮನುಷ್ಯ ಬಂದೂಕು ಹೊಡೆದವನೇ ಅಲ್ಲ ಅಂತ.

ಹೌದು, ಹೊಡೆದವರಲ್ಲ. ಬೆಳೆ ಕಾಯುವುದಕ್ಕೆಂದು ಅವರ ಅಪ್ಪನ ಕಾಲದಲ್ಲಿ ಸಿಕ್ಕಿದ ಲೈಸೆನ್ಸು ಅವರ ಹೆಸರಿಗೆ ಬಂದಿತ್ತು, ಅಷ್ಟೇ. ಗುಟ್ಟೆಯ, ಅಂದರೆ ಊರ ಪಕ್ಕದ ಕಲ್ಲುಗುಡ್ಡದ, ಪೊದೆಗಳಿಂದ ಹಂದಿಗಳು ಇಳಿದು ಹೊಲ ಉತ್ತ ಹಾಗೆ ಬಗೆದು ಹೋದ ಮರುದಿನ ಬೆಳಿಗ್ಗೆ ನನ್ನ ಗಂಡ ಬಂದೂಕು ಹಿಡಿದು ಹೋಗುತ್ತಿದ್ದರು. ಜೊತೆಗೆ ಊರಿನ ಐದಾರು ಜನ, ಕೋಲು, ಈಟಿ, ಎರಡು ನಾಯಿ. ದೊಡ್ಡಮಾವ ಜಗುಲಿಯಿಂದಲೇ ಕೈ ಎತ್ತಿ ಕಳಿಸಿಕೊಡುತ್ತಿದ್ದರು.

ಹಂದಿ ಬಿದ್ದರೆ ಮಾಂಸವನ್ನು ಪಾಲು ಹಾಕುವುದರಲ್ಲಿ ಒಂದು ಪದ್ಧತಿ ಇತ್ತು. ಹೋದವರಿಗೆ ತಲೆಗೊಂದು, ನಾಯಿಗಳಿಗೊಂದು, ಬಂದೂಕಿಗೊಂದು. ಆ ಬಂದೂಕಿನ ಪಾಲು ದೊಡ್ಡಮಾವನದು. ಅದನ್ನು ತರಲು ಸ್ಟೀಲಿನ ಡಬರಿ ಹಿಡಿದು ತಾವೇ ಹೋಗುತ್ತಿದ್ದರು. ಬೇಟೆಗೆ ಏಳದ ಕಾಲು ಪಾಲಿಗೆ ಎಷ್ಟು ಚುರುಕಾಗಿ ಏಳುತ್ತಿತ್ತು ಅಂತೀರಿ! ಪಾಲು ಹಾಕಿಟ್ಟ ಎಲೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ತೊಡೆ ಎಲ್ಲೋ? ಬರೀ ಮೂಳೆ ಹಾಕಿದ್ದೀರಲ್ಲೋ, ಬಂದೂಕಿಗೆ ಮರ್ಯಾದೆ ಬೇಡ್ವಾ?" ಎಂದು ತಗಾದೆ ತೆಗೆಯುತ್ತಿದ್ದರು. ಬಂದೂಕು ತಿನ್ನುತ್ತಿದ್ದುದು ಮಾತ್ರ ಇವರ ಬಾಯಿಂದ.

ತಿಂದು ಕೈ ತೊಳೆದ ಮೇಲೆ ಕಥೆ. ಮುಳಬಾಗಿಲಿನಿಂದ ಟೊಮೆಟೊ ಲಾರಿಯವನು ಬರಲಿ, ಹೆಣ್ಣು ನೋಡಲು ಬಂದ ಬೀಗರು ಬರಲಿ, ಎಲ್ಲರಿಗೂ ಒಂದೇ ಕಥೆ.

"ಹಂದಿ ಸೀದಾ ನನ್ ಮೇಲೇ ನುಗ್ಗಿ ಬಂತು ಕಣಯ್ಯಾ. ನಾನು ಅಲ್ಲಾಡ್ಲಿಲ್ಲ. ಅದರ ಕಣ್ ರೆಪ್ಪೆ ಕಾಣೋವರ್ಗೂ ಹೊಡೀಲಿಲ್ಲ. ಎದೆ ಬೇಕಯ್ಯಾ, ಬಂದೂಕು ಹಿಡಿಯೋಕೆ ಎದೆ ಬೇಕು!"

ಎದೆಯಂತೆ ಎದೆ! ದೀಪಾವಳಿಯಲ್ಲಿ ಬೀದಿ ಹುಡುಗರು ಪಟಾಕಿ ಹಚ್ಚಿದರೆ ಈ ಎದೆ ದೇವರ ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಕೇಳಿದರೆ ಜಪ. ಆ ಕಥೆ ಹೇಳುವಾಗ ನನ್ನ ಗಂಡ ಅಲ್ಲೇ ಕಂಬಕ್ಕೆ ಒರಗಿ ನಿಂತಿರುತ್ತಿದ್ದರು. ಆ ಹಂದಿಯನ್ನು ಹೊಡೆದವರು ಇವರೇ. ಒಂದು ದಿನವೂ ತುಟಿ ಬಿಚ್ಚಲಿಲ್ಲ. ನಾನು ಒಳಗೆ ಬಂದು ರೇಗಿದರೆ, "ಹೋಗ್ಲಿ ಬಿಡೇ, ದೊಡ್ಡಪ್ಪ ಅಲ್ವಾ" ಎನ್ನುವರು. ಅವರಪ್ಪ ಬೇಗ ತೀರಿಕೊಂಡಿದ್ದರಿಂದ ದೊಡ್ಡಪ್ಪನೇ ಅವರಿಗೆ ಅಪ್ಪ. ಆ ಋಣವನ್ನು ದೊಡ್ಡಮಾವ ಚೆನ್ನಾಗಿ ದುಡಿಸಿಕೊಂಡರು.

ನನ್ನ ಗಂಡನ ನಿಜವಾದ ಕಸುಬು ಮಾವಿನ ಗಿಡಕ್ಕೆ ಕಸಿ ಕಟ್ಟುವುದು. ಶ್ರೀನಿವಾಸಪುರದ ನರ್ಸರಿಗಳವರು ಹುಡುಕಿಕೊಂಡು ಬರುತ್ತಿದ್ದರು. ಎಡಗೈ ಬೆರಳುಗಳಲ್ಲಿ ಗಿಡವನ್ನೂ ಕಡ್ಡಿಯನ್ನೂ ಕೂಡಿಸಿ ಹಿಡಿದು ಬಲಗೈಯಲ್ಲಿ ಪಟ್ಟಿ ಸುತ್ತಿದರೆ ನೂರಕ್ಕೆ ತೊಂಬತ್ತು ಚಿಗುರುತ್ತಿದ್ದವು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಆ ಎಡಗೈಯಿಂದ.

ಒಂದು ಬೆಳಿಗ್ಗೆ ನಾನು ಕಡಲೆಕಾಯಿ ಕೀಳುವವರಿಗೆ ಬುತ್ತಿ ಒಯ್ಯಲು ಹಿತ್ತಲ ಕಡೆಯಿಂದ ಹೊರಟಾಗ ದೊಡ್ಡಮಾವ ಅಲ್ಲಿ ಕೂತು ಬಂದೂಕಿಗೆ ಕರಿ ಪೇಂಟು ಹಚ್ಚುತ್ತಿದ್ದರು. ನಳಿಗೆಯ ಬುಡದಲ್ಲಿ ನಲ್ಲಿ ಪೈಪಿನ ಸಂದಿಗೆ ಮೆತ್ತುವ ಗಮ್ಮು ಮೆತ್ತಿದ್ದರು.

"ಅದೇನು ದೊಡ್ಡಮಾವ, ಬಿರುಕು ಬಿಟ್ಟಿದೆಯಾ?" ಎಂದೆ.

"ಏ, ಗೀರು ಕಣಮ್ಮಾ. ಲೈಸೆನ್ಸ್ ರಿನ್ಯೂವಲ್‌ಗೆ ಠಾಣೇಲಿ ತೋರಿಸ್ಬೇಕು, ಚೆಂದಾಗಿರ್ಬೇಡ್ವಾ? ಹೋಗು, ನಿನ್ನ ಕೆಲ್ಸ ನೋಡ್ಕೋ."

ಆಮೇಲೆ ಪಕ್ಕದ ಮನೆಯ ಹುಡುಗಿಯನ್ನು ಕರೆದು, ಬಂದೂಕನ್ನು ಎದೆಗೆ ಅಡ್ಡ ಹಿಡಿದು, ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡರು. ನಾನು ಬಂದೂಕಿನ ಮನೆಯಲ್ಲಿ ಹುಟ್ಟಿದವಳು. ಬಿರುಕುಬಿಟ್ಟ ನಳಿಗೆಯನ್ನು ಎಸೆಯಬೇಕು ಎಂದು ನನಗೆ ಗೊತ್ತು. ಸಂಜೆ ಗಂಡನಿಗೆ ಹೇಳೋಣ ಎಂದುಕೊಂಡೆ. ಕಟಾವಿನ ಗಡಿಬಿಡಿಯಲ್ಲಿ ಮರೆತೆ. ನಾಲ್ಕನೆಯ ದಿನ ಹಂದಿ ಬಿತ್ತು ಹೊಲಕ್ಕೆ, ಇವರು ಬಂದೂಕು ಹಿಡಿದು ಹೋದರು.

ಬಿಸಿಲೇರುವ ಹೊತ್ತಿಗೆ ಅವರನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಬಂದರು. ನಳಿಗೆ ಬುಡದಲ್ಲೇ ಒಡೆದಿತ್ತು. ಎಡಗೈಯ ನಡುವಿನ ಮೂರು ಬೆರಳು ಇರಲಿಲ್ಲ. ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು. ನನ್ನ ಸೀರೆಯ ಸೆರಗು ಸುತ್ತಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಯ್ಯೋ, ಆ ದಾರಿಯನ್ನು ನಾನು ಸಾಯುವವರೆಗೂ ಮರೆಯಲಾರೆ.

ಹೊರಡುವ ಮುಂಚೆ ದೊಡ್ಡಮಾವ ಟ್ರ್ಯಾಕ್ಟರಿನ ಹತ್ತಿರ ಬಂದರು. ನೋವಾಯಿತೇ ಎಂದು ಕೇಳಲಿಲ್ಲ. "ಬಂದೂಕಿನ ಸುದ್ದಿ ಎತ್ಬೇಡಿ. ಅರಣ್ಯದೋರು ಬಂದ್ರೆ ಎಲ್ರೂ ಒಳಗೆ. ಮೇವು ಕತ್ತರಿಸೋ ಮಿಷನ್‌ಗೆ ಕೈ ಕೊಟ್ಟ ಅಂತ ಹೇಳಿ" ಎಂದರು. ಹಾಗೇ ಹೇಳಿದೆವು. ಡಾಕ್ಟರು ಕೈಯಲ್ಲಿದ್ದ ಮಸಿ, ಸುಟ್ಟ ಚರ್ಮ ನೋಡಿ, "ಏನಮ್ಮಾ, ನಿಮ್ಮೂರಲ್ಲಿ ಮೇವಿನ ಮಿಷನ್‌ಗೆ ಮದ್ದು ತುಂಬ್ತೀರಾ?" ಎಂದರು. ಅಷ್ಟು ನೋವಿನಲ್ಲೂ ನನ್ನ ಗಂಡ, "ಹಂದಿ ಓಡ್ಸೋಕೆ ಪಟಾಕಿ ಹಚ್ಚಿದ್ದೆ ಸಾರ್" ಎಂದು ದೊಡ್ಡಪ್ಪನ ಸುಳ್ಳಿಗೆ ತೇಪೆ ಹಾಕಿದರು. ನೆಟ್ಟಗೆ ಒಂದು ಸುಳ್ಳು ಹೇಳಲೂ ಬಾರದ ಗಂಡಸು ಆ ದೊಡ್ಡಮಾವ!

ಮೂರನೆಯ ದಿನ ಬಟ್ಟೆ ತರಲು ನಾನು ಊರಿಗೆ ಬಂದೆ. ದೊಡ್ಡಮಾವನ ಹೆಂಡತಿ ದೊಡ್ಡತ್ತೆ ಹಿತ್ತಲಲ್ಲಿ ಆ ಸ್ಟೀಲಿನ ಡಬರಿ ಉಜ್ಜುತ್ತಾ ಕೂತಿದ್ದರು. ಗಂಡನ ಎದುರು ಕೆಮ್ಮಲೂ ಹೆದರುವ ಹೆಂಗಸು. ನನ್ನನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡು, "ಅವತ್ತೂ ಪಾಲು ತಂದ್ರು ಕಣಮ್ಮಾ" ಎಂದರು.

"ಯಾವ ಪಾಲು?"

"ಆ ಹಂದೀನ ನಾಯಿಗಳು ತಡೆದ್ವಂತೆ, ಹುಡುಗ್ರು ಈಟೀಲಿ ಹೊಡೆದ್ರಂತೆ. ಇವ್ರು ಹೋಗಿ, ಸಿಡಿದ್ರೇನು, ಬಂದೂಕು ಬೇಟೆಗೆ ಬಂದಿತ್ತೋ ಇಲ್ವೋ, ಅದರ ಪಾಲು ಕೊಡಿ ಅಂತ ಜಗಳ ಆಡಿ ತಂದ್ರು. ನಾನು ಮುಟ್ಟಲ್ಲ ಅಂದೆ. ತಾವೇ ಬೇಯಿಸ್ಕೊಂಡ್ರು."

ನಾವು ಆಸ್ಪತ್ರೆಯ ವರಾಂಡದಲ್ಲಿ ನೆಲದ ಮೇಲೆ ಕೂತಿದ್ದ ಹೊತ್ತಿಗೆ ಈ ಮನುಷ್ಯ ಒಲೆಯ ಮುಂದೆ ಕೂತು ಮಾಂಸ ಬೆಂದಿದೆಯೇ ಎಂದು ನೋಡುತ್ತಿದ್ದರು. ಮೂಲೆಯಲ್ಲಿದ್ದ ಗೋಣಿಚೀಲದಲ್ಲಿ ಬಂದೂಕಿನ ತುಂಡುಗಳಿದ್ದವು. ನಳಿಗೆಯ ಚೂರು ಎತ್ತಿಕೊಂಡು, ಅದಕ್ಕಿನ್ನೂ ಅಂಟಿದ್ದ ಗಮ್ಮನ್ನು ಉಗುರಿನಿಂದ ಕೆರೆದು, ಜಗುಲಿಗೆ ಹೋಗಿ ಅವರ ಎಲೆಯಡಿಕೆ ತಟ್ಟೆಗೆ ಹಾಕಿದೆ.

"ಇದೇನಾ ನೀವು ಹೇಳಿದ ಗೀರು?"

ಅವರು ಮೀಸೆಗೆ ಕೈ ಹಾಕಿದರು. "ಹೆಂಗಸ್ರು ಬಂದೂಕು ಮುಟ್ಬಾರ್ದಮ್ಮಾ."

"ನೀವು ಮುಟ್ಟಿದ್ರಾ ದೊಡ್ಡಮಾವ, ಪೇಂಟು ಹಚ್ಚೋಕೆ ಬಿಟ್ಟು ಬೇರೆ ಯಾತಕ್ಕಾದ್ರೂ?"

ಆ ಚೂರನ್ನು ಪಕ್ಕಕ್ಕೆ ಸರಿಸಿ ತಟ್ಟೆಯಲ್ಲಿ ಅಡಿಕೆ ಹುಡುಕತೊಡಗಿದರು. ಆ ದಿನದಿಂದ ನನ್ನ ಕೈಯ ಕಾಫಿ ಅವರಿಗೆ ಸಿಗಲಿಲ್ಲ. ಬಂದೂಕಿನ ತುಂಡುಗಳು ಹಾಳುಬಾವಿ ಸೇರಿದವು. ಕಥೆ ಮಾತ್ರ ನಿಲ್ಲಲಿಲ್ಲ, ಬೆಳೆಯಿತು. "ಬಂದೂಕು ಸಿಡಿದಾಗ ನಾನು ಪಕ್ಕದಲ್ಲೇ ಇದ್ದೆ, ನಾನೇ ಅವನನ್ನ ಹೆಗಲ ಮೇಲೆ ಹೊತ್ಕೊಂಡ್ ಬಂದೆ" ಎಂದು ಹೊಸಬರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ.

ಕಸಿ ಕಟ್ಟುವುದನ್ನು ನಾನು ಕಲಿತೆ. ಇವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಮೊದಲ ವರ್ಷ ಅರ್ಧಕ್ಕರ್ಧ ಒಣಗಿದವು, ನರ್ಸರಿಯವರು ಮುಖ ತಿರುಗಿಸಿದರು. ಈಗ ನನ್ನ ಕೈಯಲ್ಲೂ ತೊಂಬತ್ತು ಚಿಗುರುತ್ತವೆ. ಆ ಮಟ್ಟಿಗೆ ದೊಡ್ಡಮಾವನ ಋಣ ನನ್ನ ಮೇಲೂ ಇದೆ ಅನ್ನಬೇಕು. ಹೊಳೆಯುವ ಯಾವ ವಸ್ತು ಕಂಡರೂ ಉಗುರಿನಿಂದ ಕೆರೆದು ನೋಡುವ ಚಟವೂ ಅವರದೇ ಕೊಡುಗೆ. ಒಂದು ಮಾತು ಮಾತ್ರ ಹನ್ನೊಂದು ವರ್ಷ ನನ್ನ ಗಂಟಲಲ್ಲೇ ಉಳಿಯಿತು. ಆ ಪೇಂಟನ್ನು ನಾನು ಕಂಡಿದ್ದೆ, ಒಂದು ಮಾತು ಹೇಳಿದ್ದರೆ ಆ ಮೂರು ಬೆರಳು ಉಳಿಯುತ್ತಿದ್ದವು.

ಹೋದ ಮಾಘದಲ್ಲಿ ದೊಡ್ಡಮಾವ ತೀರಿಕೊಂಡರು. ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಮಲಗಿದಲ್ಲೇ ಹೋದರು. ಬಂದವರೆಲ್ಲ "ಎಂಥಾ ಬೇಟೆಗಾರ ಹೋದ" ಎಂದು ಲೊಚಗುಟ್ಟಿದರು. ಊರಿನವರು ಸೇರಿ ಆಳೆತ್ತರದ ಫ್ಲೆಕ್ಸು ಮಾಡಿಸಿ ತಂದರು. 'ಬೇಟೆ ಹುಲಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಅದರಲ್ಲಿ ಅದೇ ಫೋಟೋ, ಎದೆಗೆ ಅಡ್ಡ ಹಿಡಿದ ಬಂದೂಕು, ನಳಿಗೆಯ ಬುಡದಲ್ಲಿ ಇನ್ನೂ ಹಸಿಯಾಗಿ ಮಿನುಗುವ ಕರಿ ಪೇಂಟು.

ಅದನ್ನು ನಮ್ಮ ಮನೆಯ ಎದುರಿನ ಕಂಬಕ್ಕೆ ಕಟ್ಟುವ ಕೆಲಸ ನನ್ನ ಗಂಡನಿಗೇ ಬಂತು. ಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯ ಎರಡು ಬೆರಳಿನಲ್ಲಿ ಒತ್ತಿ ಹಿಡಿದು ಒದ್ದಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಈ ಫೋಟೋ ತೆಗೆದ ದಿನವೇ ರೀ, ಬಿರುಕಿಗೆ ಪೇಂಟು ಹಚ್ಚಿದ್ದು. ನಾನು ನೋಡಿದ್ದೆ. ನಿಮಗೆ ಹೇಳ್ಲಿಲ್ಲ."

ಅವರು ಬಾಯಿಂದ ಹಗ್ಗ ಬಿಟ್ಟರು. "ನಾನೂ ನೋಡಿದ್ದೆ ಕಣೇ. ಕೈಗೆ ತಗೊಂಡಾಗ್ಲೇ ಪೇಂಟಿನ ವಾಸನೆ ಬಂತು. ಉಗುರಲ್ಲಿ ಕೆರೆದು ನೋಡ್ದೆ, ಬಿರುಕು ಕಾಣಿಸ್ತು."

"ನೋಡಿಯೂ ಹೊಡೆದ್ರಾ?"

"ದೊಡ್ಡಪ್ಪ ಕೊಟ್ಟಿದ್ದಲ್ವೇನೇ" ಎಂದರು. ತುದಿಯನ್ನು ನನ್ನತ್ತ ಚಾಚಿ, "ಹಗ್ಗ ಹಿಡ್ಕೋ, ಗಾಳಿ ಜಾಸ್ತಿ ಇದೆ" ಎಂದರು.

ಅವರ ಎರಡು ಬೆರಳಿಗೆ ಗಂಟು ಬೀಳುತ್ತಿರಲಿಲ್ಲ. ನಾನೇ ಹಾಕಿದೆ, ಅವರು ಕಲಿಸಿದ ಕಸಿಯ ಗಂಟು. ಯಾವ ಗಾಳಿಗೂ ಅದು ಬಿಚ್ಚಿಕೊಳ್ಳಲಿಲ್ಲ. ಮೂರು ತಿಂಗಳು, ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಆ ನುಣುಪು ಕೆನ್ನೆ ನನ್ನ ಎದುರಿಗೇ ಇರುತ್ತಿತ್ತು.